ಕಾಳು, ಜೊಳ್ಳು, ಕಲ್ಲು

ವಿಂಡೋಸ್ ಕಂಪ್ಯೂಟರಿನಿಂದ ಗೇಮ್ ಒಂದನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಅದು ಪೂರ್ತಿಯಾಗಿ ಹೋಗುವುದಿಲ್ಲ. ಗೇಮ್ ಇದ್ದ ಫೋಲ್ಡರಿನಲ್ಲಿ ಒಂದಷ್ಟು, ಡಾಕ್ಯುಮೆಂಟ್ಸ್ ಒಳಗಿನ ‘ಮೈ ಗೇಮ್ಸ್’ನಲ್ಲಿ ಒಂದಷ್ಟು, ವಿಂಡೋಸ್ ಕಣ್ಣಿಗೆ ಬೀಳದಂತೆ ಇಟ್ಟಿರುವ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಇನ್ನಷ್ಟು ಫೈಲ್‌ಗಳು ಉಳಿಯುತ್ತವೆ. ಇವನ್ನು ಏನು ಮಾಡಬೇಕೆಂದು ಕೇಳಿದರೆ ಸಿಗುವುದು ಎರಡೇ ಉತ್ತರ. ಇದ್ದರೆ ಇರಲಿ ಬಿಡಿ ಎನ್ನುವುದು ಒಂದು. ಯಾವುದಾದರೂ ಕ್ಲೀನರ್ ಹಾಕಿ ಎಲ್ಲವನ್ನೂ ಗುಡಿಸಿಬಿಡಿ ಎನ್ನುವುದು ಇನ್ನೊಂದು. ಉಳಿದದ್ದನ್ನೆಲ್ಲ ಒಂದೇ ರಾಶಿಯೆಂದು ಭಾವಿಸುವುದರಿಂದ ಎರಡೂ ತಪ್ಪು. ಆ ರಾಶಿಯಲ್ಲಿ ಕಾಳು, ಜೊಳ್ಳು, ಕಲ್ಲು ಮೂರೂ ಬೆರೆತಿವೆ. ಕಾಳನ್ನು ಕಾಪಾಡಬೇಕು, ಜೊಳ್ಳನ್ನು ತೂರಬೇಕು, ಕಲ್ಲನ್ನು ಒಂದೊಂದಾಗಿ ಕೈಯಿಂದಲೇ ಆರಿಸಬೇಕು. ಡಿಸ್ಕಿನಲ್ಲಿ ಎಷ್ಟು ಜಾಗ ಹಿಡಿದಿದೆ ಎಂಬ ಲೆಕ್ಕ ನೋಡಿಕೊಂಡು ಹೊರಟರೆ ಈ ವಿಂಗಡಣೆ ಸಾಧ್ಯವಿಲ್ಲ, ಏಕೆಂದರೆ ಇಲ್ಲಿ ಅತಿ ದೊಡ್ಡದು ಬೆಲೆಯಿಲ್ಲದ್ದು. ಅತಿ ಬೆಲೆಯುಳ್ಳದ್ದೂ ಅತಿ ಅಪಾಯದ್ದೂ ಎರಡೂ ಚಿಕ್ಕವು.

ಹಾಕಿದವರೇ ಎಲ್ಲವನ್ನೂ ಒಯ್ಯಬಾರದೇ ಎಂಬ ಆಕ್ಷೇಪ ಸಹಜ. ಆದರೆ ಅನ್‌ಇನ್‌ಸ್ಟಾಲರ್ ಹೆಚ್ಚು ಅಳಿಸಿದಾಗ ಏನಾಯಿತು ಎಂಬುದಕ್ಕೆ ಚರಿತ್ರೆಯಿದೆ. 1998ರ ಡಿಸೆಂಬರಿನಲ್ಲಿ ಬಂಜಿ ಕಂಪನಿ ‘ಮಿಥ್ 2: ಸೋಲ್‌ಬ್ಲೈಟರ್’ ಗೇಮನ್ನು ಮಾರುಕಟ್ಟೆಗೆ ತರುವ ಹೊತ್ತಿಗೆ ಅದರ ಅನ್‌ಇನ್‌ಸ್ಟಾಲರಿನಲ್ಲಿ ಭಯಂಕರ ದೋಷವೊಂದು ಕಂಡಿತು. ಗೇಮನ್ನು ಸೂಚಿಸಿದ ಫೋಲ್ಡರ್ ಬಿಟ್ಟು ನೇರವಾಗಿ ಡ್ರೈವಿನ ಬುಡದಲ್ಲೇ ಹಾಕಿದ್ದರೆ, ತೆಗೆಯುವಾಗ ಆ ಡ್ರೈವಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತಿತ್ತು. ಬಂಜಿ ತಯಾರಾಗಿದ್ದ ಪ್ರತಿಗಳನ್ನು ಹಿಂದಕ್ಕೆ ತರಿಸಿ, ತಿದ್ದಿದ ಆವೃತ್ತಿಯನ್ನು ಮಾರಿತು. 2015ರ ಜನವರಿಯಲ್ಲಿ ಗೇಮ್ ಮಾರುವ ಸ್ಟೀಮ್ ಸೇವೆಯ ಲಿನಕ್ಸ್ ತಂತ್ರಾಂಶದಲ್ಲೂ ಇಂಥದ್ದೇ ದೋಷ ಬಯಲಾಯಿತು: ಸ್ಕ್ರಿಪ್ಟಿನಲ್ಲಿ ಫೋಲ್ಡರಿನ ವಿಳಾಸ ಇರಬೇಕಾದ ಜಾಗ ಖಾಲಿಯಾದಾಗ ಅದು ಬಳಕೆದಾರರ ಸ್ವಂತ ಫೈಲ್‌ಗಳನ್ನೂ ಅಳಿಸತೊಡಗಿತು. ತಾನು ಹಾಕಿದ್ದನ್ನು ಮಾತ್ರ ತೆಗೆ, ಮಿಕ್ಕದ್ದನ್ನು ಮುಟ್ಟಬೇಡ ಎಂಬ ಇಂದಿನ ರೂಢಿಯ ವಿವೇಕ ಇಂಥ ಪ್ರಸಂಗಗಳಿಂದ ತಿಳಿಯುತ್ತದೆ. ಸ್ಟೀಮ್ ತಾನು ಇಳಿಸಿದ ಫೈಲ್‌ಗಳನ್ನು ಒಯ್ಯುತ್ತದೆ. ಗೇಮನ್ನು ಬದಲಿಸಲು ಆಡುವವರು ಸೇರಿಸಿದ ಮಾಡ್‌ಗಳು, ಗೇಮ್ ತಾನೇ ಬರೆದುಕೊಂಡ ಫೈಲ್‌ಗಳು ಹಾಗೇ ಉಳಿಯುತ್ತವೆ. ಇದನ್ನು ಸೋಮಾರಿತನ ಎನ್ನಲಾಗದು. ಅನುಮಾನವಿದ್ದಲ್ಲಿ ಅಳಿಸದಿರುವುದು ಸರಿಯಾದ ನಡತೆ. ವಿಂಗಡಿಸುವ ಕೆಲಸ ಮಾತ್ರ ನಮಗೆ ಬಿದ್ದಿದೆ.

ಮೊದಲು ಕಾಳು, ಎಂದರೆ ಸೇವ್ ಫೈಲ್. ‘ಬಾಲ್ಡರ್ಸ್ ಗೇಟ್ 3’ ಡಿಸ್ಕಿನಲ್ಲಿ 150 ಜಿಬಿ ಜಾಗ ಕೇಳುತ್ತದೆ. ಅದರ ಒಂದು ಸೇವ್ ಕೆಲವೇ ಎಂಬಿಗಳಲ್ಲಿ ಮುಗಿಯುತ್ತದೆ. ಆ 150 ಜಿಬಿಯನ್ನು ಯಾವಾಗ ಬೇಕಾದರೂ ಮತ್ತೆ ಇಳಿಸಿಕೊಳ್ಳಬಹುದು. ಆಟಗಾರ ನೂರಾರು ನಿರ್ಧಾರಗಳಿಂದ ಕಟ್ಟಿದ ಕಥೆ ಎಲ್ಲಿಯೂ ಮಾರಾಟಕ್ಕೆ ಸಿಗುವುದಿಲ್ಲ. ತೊಡಕಿರುವುದು ಸೇವ್ ಫೈಲ್‌ಗಳ ವಿಳಾಸದಲ್ಲಿ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಇದಕ್ಕೆಂದೇ ‘ಸೇವ್ಡ್ ಗೇಮ್ಸ್’ ಎಂಬ ಫೋಲ್ಡರ್ ಕೊಟ್ಟಿತು, ಆದರೆ ಗೇಮ್ ಮಾಡುವವರಲ್ಲಿ ಬಹಳ ಮಂದಿ ಅದನ್ನು ಕಣ್ಣೆತ್ತಿ ನೋಡಲಿಲ್ಲ. ‘ದಿ ವಿಚರ್ 3’ ಸೇವ್‌ಗಳು ಡಾಕ್ಯುಮೆಂಟ್ಸ್‌ನಲ್ಲಿ, ‘ಸ್ಟಾರ್‌ಡ್ಯೂ ವ್ಯಾಲಿ’ಯವು ಆ್ಯಪ್‌ಡೇಟಾದ ರೋಮಿಂಗ್‌ನಲ್ಲಿ, ‘ಹಾಲೋ ನೈಟ್’ನವು ಲೋಕಲ್‌ಲೋದಲ್ಲಿ, ‘ಬಾಲ್ಡರ್ಸ್ ಗೇಟ್ 3’ರವು ಲೋಕಲ್‌ನಲ್ಲಿ. ಹೀಗೆ ಚದುರಿದ್ದನ್ನು ಗೇಮಿನಿಂದ ಗೇಮಿಗೆ ಪಟ್ಟಿ ಮಾಡಿಟ್ಟಿರುವ ಪಿಸಿ ಗೇಮಿಂಗ್ ವಿಕಿ 2012ರಿಂದ ಆಟಗಾರರೇ ಕೂಡಿ ಬೆಳೆಸಿರುವ ಭಂಡಾರ. ಅದರ ಮಾಹಿತಿಯನ್ನೇ ಬಳಸಿ ಸೇವ್‌ಗಳನ್ನು ಹುಡುಕಿ ಬ್ಯಾಕಪ್ ಮಾಡುವ ಲುಡುಸಾವಿ ಎಂಬ ಮುಕ್ತ ತಂತ್ರಾಂಶವೂ ಇದೆ. ಯಾವುದೇ ಗೇಮ್ ತೆಗೆಯುವ ಮೊದಲು ಈ ಎರಡರಲ್ಲಿ ಒಂದರ ನೆರವು ಪಡೆಯುವುದು ಶುಚಿಗೊಳಿಸುವ ಕೆಲಸದ ಮೊದಲ ಹೆಜ್ಜೆ.

ಸೇವ್‌ಗಳು ಈಗ ಕ್ಲೌಡ್‌ನಲ್ಲಿ ಇರುತ್ತವಲ್ಲ, ಈ ಕಾಳಜಿ ಏಕೆ ಎಂದು ಕೇಳಬಹುದು. 2008ರಲ್ಲಿ ಸ್ಟೀಮ್ ಕ್ಲೌಡ್ ಬಂದ ಮೇಲೆ ಪರಿಸ್ಥಿತಿ ಬಹಳ ಸುಧಾರಿಸಿದೆ, ನಿಜ. ಆದರೆ ಅದನ್ನು ಬಳಸಬೇಕೋ ಬೇಡವೋ ಎಂಬುದು ಆಯಾ ಗೇಮ್ ತಯಾರಕರ ಇಷ್ಟ. ಎಲ್ಲ ಗೇಮ್‌ಗಳಿಗೂ ಆ ಸೌಲಭ್ಯವಿಲ್ಲ. ಇದ್ದಲ್ಲೂ ಮಾಡ್‌ಗಳು, ಅವುಗಳನ್ನು ಹೊಂದಿಸಿಟ್ಟ ಕ್ರಮ, ಕೈಯಾರೆ ತಿದ್ದಿದ ಸೆಟ್ಟಿಂಗ್ ಫೈಲ್‌ಗಳು ಅದರೊಳಗೆ ಬರುತ್ತವೆಂಬ ಖಾತರಿಯಿಲ್ಲ. ‘ಸ್ಕೈರಿಮ್’ನಂಥ ಗೇಮಿಗೆ ಮಾಡ್‌ಗಳನ್ನು ಜೋಡಿಸಿ ಆಡಿದವರ ಸೇವ್ ಆ ಮಾಡ್‌ಗಳಿಲ್ಲದೆ ಸರಿಯಾಗಿ ತೆರೆಯುವುದೂ ಅನುಮಾನ. ಇನ್ನೂ ಮುಖ್ಯವಾದ ಮಾತೆಂದರೆ, ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಎರಡು ಕಡೆಯನ್ನೂ ಒಂದೇ ಸ್ಥಿತಿಗೆ ತರುತ್ತದೆ. ಒಂದು ಕಡೆ ಕೆಟ್ಟದ್ದು ಇನ್ನೊಂದು ಕಡೆಗೂ ಹೋಗಬಹುದು. ಬ್ಯಾಕಪ್ ಎಂದರೆ ನಮ್ಮ ಕೈಯಲ್ಲಿ ಬೇರೆಯಾಗಿ ನಿಂತ ಪ್ರತಿ. ಕೆಲವು ಎಂಬಿಗಳಿಗೆ ಒಂದು ಪೆನ್‌ಡ್ರೈವ್ ಸಾಕಾಗುವಾಗ ಅದನ್ನು ತೆಗೆದಿಡದಿರಲು ಕಾರಣವೇ ಇಲ್ಲ.

ಜೊಳ್ಳಿನ ವಿಚಾರ ಬೇಗ ಮುಗಿಯುತ್ತದೆ. ಶೇಡರ್ ಕ್ಯಾಶ್, ಗೇಮ್ ಕುಸಿದಾಗ ಬರೆದ ಕ್ರ್ಯಾಶ್ ಡಂಪ್, ಲಾಗ್‌ಗಳು, ಅರ್ಧಕ್ಕೆ ನಿಂತ ಡೌನ್‌ಲೋಡ್ ಇವೆಲ್ಲ ಯಂತ್ರ ತನಗಾಗಿ ಮಾಡಿಕೊಂಡವು. ಶೇಡರ್ ಎಂದರೆ ಬೆಳಕು, ನೆರಳು, ಮೇಲ್ಮೈಗಳನ್ನು ಹೇಗೆ ಚಿತ್ರಿಸಬೇಕೆಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳುವ ಪುಟ್ಟ ಪ್ರೋಗ್ರಾಂ. ಅದನ್ನು ಪ್ರತಿಸಲ ಸಿದ್ಧಪಡಿಸಿದರೆ ಆಟ ತಡವರಿಸುತ್ತದೆಂದು ಒಮ್ಮೆ ಸಿದ್ಧವಾದದ್ದನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತಾರೆ. ಗೇಮ್ ಹೋದ ಮೇಲೆ ಅದಕ್ಕೆ ಕೆಲಸವಿಲ್ಲ. ಗ್ರಾಫಿಕ್ಸ್ ಡ್ರೈವರ್ ಬದಲಾದರೆ ಗೇಮ್ ಇದ್ದರೂ ಹಳೆಯದು ನಿರುಪಯೋಗಿ. ವಿಂಡೋಸ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ, ತಾತ್ಕಾಲಿಕ ಫೈಲ್‌ಗಳ ಪಟ್ಟಿಯಲ್ಲಿ ಡೈರೆಕ್ಟ್‌ಎಕ್ಸ್ ಶೇಡರ್ ಕ್ಯಾಶ್ ಎಂಬುದಕ್ಕೆ ಗುರುತು ಹಾಕಿ ಅಳಿಸಬಹುದು. ತಪ್ಪಿ ಅಳಿಸಿದರೂ ನಷ್ಟವಿಲ್ಲ, ಬೇಕಾದಾಗ ಅದು ಮತ್ತೆ ಹುಟ್ಟುತ್ತದೆ. ಡಿಸ್ಕ್ ಅಗ್ಗವಾಗಿರುವಾಗ ಇಷ್ಟಕ್ಕೆ ತಲೆ ಕೆಡಿಸಿಕೊಳ್ಳುವುದೇಕೆ ಎನ್ನುವವರ ಮಾತು ಇಷ್ಟರ ಮಟ್ಟಿಗೆ ಸರಿ: ಜೊಳ್ಳು ಹಾನಿ ಮಾಡುವುದಿಲ್ಲ. ಆದರೂ 512 ಜಿಬಿ ಎಸ್‌ಎಸ್‌ಡಿಯ ಲ್ಯಾಪ್‌ಟಾಪಿನಲ್ಲಿ 150 ಜಿಬಿಯ ಗೇಮಿಗೆ ಜಾಗ ಹುಡುಕುವವರಿಗೆ ಒಂದೊಂದು ಜಿಬಿಯೂ ಲೆಕ್ಕಕ್ಕೆ ಬರುತ್ತದೆ.

ತಲೆ ಕೆಡಿಸಿಕೊಳ್ಳುವುದೇಕೆ ಎಂಬ ಮಾತು ಸಂಪೂರ್ಣ ಸೋಲುವುದು ಕಲ್ಲಿನ ಮುಂದೆ. ಕೆಲವು ಗೇಮ್‌ಗಳು ತಮ್ಮೊಂದಿಗೆ ಕಾವಲುಗಾರರನ್ನೂ ತರುತ್ತವೆ: ಹಿಂದೆ ಸಿಡಿ ನಕಲು ತಡೆಯುವವು, ಈಗ ಮೋಸದಾಟ ತಡೆಯುವ ಆ್ಯಂಟಿ-ಚೀಟ್‌ಗಳು. ಇವುಗಳಲ್ಲಿ ಹಲವು ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲಿ ಡ್ರೈವರ್ ಆಗಿ ಕೂರುತ್ತವೆ. ಅಲ್ಲಿ ಕೂತದ್ದಕ್ಕೆ ಸಾಮಾನ್ಯ ಪ್ರೋಗ್ರಾಂಗಳಿಗಿಲ್ಲದ ಅಧಿಕಾರವಿದೆ. ಅದರಲ್ಲೊಂದು ಬಿರುಕಿದ್ದರೆ ಆ ಅಧಿಕಾರ ದಾಳಿಕೋರರ ಪಾಲು. ಸೇಫ್‌ಡಿಸ್ಕ್ ಎಂಬ ನಕಲು ತಡೆಯ ಡ್ರೈವರಿನಲ್ಲಿದ್ದ ಇಂಥ ಬಿರುಕಿಗೆ ಮೈಕ್ರೋಸಾಫ್ಟ್ 2007ರ ಡಿಸೆಂಬರಿನಲ್ಲಿ ತೇಪೆ ಹಾಕಬೇಕಾಯಿತು. 2015ರಲ್ಲಿ ವಿಂಡೋಸ್ 10 ಆ ಡ್ರೈವರನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಳೆಯ ವಿಂಡೋಸ್‌ಗಳಲ್ಲೂ ಅದನ್ನು ನಿಷ್ಕ್ರಿಯಗೊಳಿಸಲಾಯಿತು. 2008ರಲ್ಲಿ ‘ಸ್ಪೋರ್’ ಗೇಮ್ ಬಿಡುಗಡೆಯಾದಾಗ, ಅದರೊಂದಿಗಿನ ಸೆಕ್ಯುರಾಮ್ ಎಂಬ ನಕಲು ತಡೆ ಗೇಮ್ ತೆಗೆದ ಮೇಲೂ ಉಳಿಯುತ್ತದೆ ಎಂಬ ದೂರು ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. 2022ರ ಆಗಸ್ಟ್‌ನಲ್ಲಿ ಟ್ರೆಂಡ್ ಮೈಕ್ರೋ ಸಂಸ್ಥೆ ವರದಿ ಮಾಡಿದ ಪ್ರಕರಣದಲ್ಲಿ ದಾಳಿಕೋರರು ‘ಗೆನ್‌ಶಿನ್ ಇಂಪ್ಯಾಕ್ಟ್’ನ ಆ್ಯಂಟಿ-ಚೀಟ್ ಡ್ರೈವರ್ ಬಳಸಿ ಆ್ಯಂಟಿವೈರಸ್ ಅನ್ನೇ ನಿಲ್ಲಿಸಿ, ರ‍್ಯಾನ್ಸಮ್‌ವೇರ್ ಹರಡಲು ಹೊರಟಿದ್ದರು. ಅಲ್ಲಿ ಆ ಡ್ರೈವರ್ ಗೇಮ್ ಬಿಟ್ಟುಹೋದದ್ದಲ್ಲ, ದಾಳಿಕೋರರೇ ತಂದದ್ದು ಎಂಬುದನ್ನು ಮರೆಮಾಚಬಾರದು. ಆದರೂ ಒಂದು ಗೇಮಿನ ಪುಟ್ಟ ಫೈಲಿಗೆ ಎಂಥ ಶಕ್ತಿಯಿದೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಗೇಮ್ ಇರುವಾಗ ಆ್ಯಂಟಿ-ಚೀಟ್ ಬೇಕೆಂಬುದನ್ನು ಒಪ್ಪಬಹುದು. ಮೋಸಗಾರರ ನಡುವೆ ನ್ಯಾಯವಾದ ಪಂದ್ಯ ನಡೆಯದು. ಗೇಮ್ ಹೋದ ಮೇಲೂ ಆ ಅಧಿಕಾರ ಮುಂದುವರಿಯಲು ಯಾವ ಸಮರ್ಥನೆಯೂ ಇಲ್ಲ.

ಕಲ್ಲು ಆರಿಸಲು ಒಂದು ಕ್ರಮವಿದೆ. ‘ವ್ಯಾಲೊರಂಟ್’ ತೆಗೆದವರು ಆ್ಯಪ್‌ಗಳ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣುವ ಅದರ ಆ್ಯಂಟಿ-ಚೀಟ್ ರಾಯಟ್ ವ್ಯಾನ್‌ಗಾರ್ಡ್ ಅನ್ನೂ ತೆಗೆದರೇ ಎಂದು ನೋಡಬೇಕು. ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎಂಬ ಕಾವಲುಗಳನ್ನು ತೆಗೆಯುವ ಸಾಧನ ಹಲವು ಸಲ ಗೇಮಿನ ಫೋಲ್ಡರಿನೊಳಗೇ ಇರುವುದರಿಂದ, ಫೋಲ್ಡರ್ ಅಳಿಸುವ ಮುನ್ನವೇ ಅದನ್ನು ಓಡಿಸುವುದು ಜಾಣತನ. ಒಂದೇ ಕಾವಲು ಹಲವು ಗೇಮ್‌ಗಳಿಗೆ ದುಡಿಯುತ್ತಿರಬಹುದಾದ್ದರಿಂದ ಬೇರಾವ ಗೇಮಿಗೂ ಅದು ಬೇಡವೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೂ ಸಂಶಯ ಉಳಿದರೆ ಮೈಕ್ರೋಸಾಫ್ಟ್‌ನದೇ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಒಂದಾದ ಆಟೋರನ್ಸ್, ವಿಂಡೋಸ್ ಜೊತೆ ಶುರುವಾಗುವ ಡ್ರೈವರ್, ಸರ್ವಿಸ್‌ಗಳನ್ನೆಲ್ಲ ತಯಾರಕರ ಹೆಸರಿನೊಡನೆ ತೋರಿಸುತ್ತದೆ. ಗುರುತು ಸಿಗದ ಹೆಸರನ್ನು ಅಳಿಸುವ ಬದಲು ಮೊದಲು ನಿಷ್ಕ್ರಿಯಗೊಳಿಸಿ ನೋಡುವುದು ಕ್ಷೇಮ.

ಇಷ್ಟೆಲ್ಲ ಕಷ್ಟವೇಕೆ, ಕ್ಲೀನರ್ ಒಂದೇ ಒತ್ತಿನಲ್ಲಿ ಮಾಡುತ್ತದಲ್ಲ ಎಂಬುದು ಕೊನೆಯ ಆಕ್ಷೇಪ. ಕ್ಲೀನರ್‌ಗಳು ಹೆಮ್ಮೆಯಿಂದ ತೋರಿಸುವ ದೊಡ್ಡ ಸಂಖ್ಯೆ ಬಹುಪಾಲು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಉಳಿದ ಸಾಲುಗಳದು. ಅವು ಹಿಡಿಯುವ ಜಾಗ ನಗಣ್ಯ. ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಯನ್ನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ತಾನೇ ಹೇಳಿದೆ. ಯೂನಿಟಿ ಎಂಜಿನ್‌ನಲ್ಲಿ ಕಟ್ಟಿದ ಕೆಲವು ಗೇಮ್‌ಗಳು ಆಟಗಾರನ ಸೆಟ್ಟಿಂಗ್‌ಗಳನ್ನೂ ಪ್ರಗತಿಯನ್ನೂ ರಿಜಿಸ್ಟ್ರಿಯಲ್ಲೇ ಬರೆಯುವುದರಿಂದ ಅಲ್ಲಿ ಗುಡಿಸಿದರೆ ಕಾಳೇ ಹೋದೀತು. ಕ್ಲೀನರ್ ತಾನೇ ಸುರಕ್ಷಿತವೆಂಬ ನಂಬಿಕೆಯೂ ಗಟ್ಟಿಯಲ್ಲ: 2017ರಲ್ಲಿ ಹೆಸರಾಂತ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ದುಷ್ಕರ್ಮಿಗಳು ಮಾಲ್‌ವೇರ್ ನುಸುಳಿಸಿದ್ದರು, ಆ ಆವೃತ್ತಿ ಸುಮಾರು 22.7 ಲಕ್ಷ ಬಳಕೆದಾರರನ್ನು ಮುಟ್ಟಿತ್ತು. ಫೈಲಿನ ಹೆಸರು, ಗಾತ್ರ, ವಯಸ್ಸು ಇವು ಕ್ಲೀನರಿಗೆ ತಿಳಿಯುತ್ತವೆ. ಯಾವುದು ನಮ್ಮ ಶ್ರಮ, ಯಾವುದು ಯಂತ್ರದ ಕಸ ಎಂಬುದು ಆಡಿದವರಿಗೆ ಮಾತ್ರ ತಿಳಿಯುತ್ತದೆ.

ಹಾಗೆಂದು ಹೊಣೆಯೆಲ್ಲ ಆಡುವವರ ಮೇಲೇ ಇರಬೇಕಾಗಿಲ್ಲ. ಅನ್‌ಇನ್‌ಸ್ಟಾಲ್ ಮಾಡುವಾಗ ಪರದೆ ಮೂರು ಪ್ರಶ್ನೆ ಕೇಳಿದರೆ ಸಾಕು: ಸೇವ್‌ಗಳನ್ನು ಎಲ್ಲಿ ಇಡಲಿ? ಕ್ಯಾಶ್ ಅಳಿಸಲೇ? ಈ ಡ್ರೈವರ್ ಬೇರಾವ ಗೇಮಿಗೂ ಬೇಡವಾಗಿದೆ, ತೆಗೆಯಲೇ? ಯಾವ ಫೈಲ್ ಯಾವ ಗುಂಪಿನದು ಎಂಬುದು ಗೇಮ್ ಕಟ್ಟಿದವರಿಗೆ ಮೊದಲೇ ಗೊತ್ತಿರುವುದರಿಂದ ಇದು ಅವರಿಗೆ ಕಷ್ಟದ ಕೆಲಸವಲ್ಲ. ಹಣ ಕೊಟ್ಟು ಗೇಮ್ ಕೊಳ್ಳುವವರು ಗ್ರಾಫಿಕ್ಸ್, ಕಥೆ, ಬೆಲೆಗಳ ಬಗ್ಗೆ ವಿಮರ್ಶೆ ಬರೆಯುವಾಗ, ಗೇಮ್ ತನ್ನ ಹಿಂದೆ ಏನನ್ನು ಬಿಟ್ಟುಹೋಯಿತು ಎಂಬುದನ್ನೂ ಬರೆಯತೊಡಗಲಿ. ಕೊಳ್ಳುವವರು ಗಮನಿಸುತ್ತಾರೆಂದು ಗೊತ್ತಾದ ದಿನ ಮಾರುವವರೂ ಅದನ್ನು ತಿದ್ದುತ್ತಾರೆ.