ಪಂಪನ ಬನವಾಸಿ: ರಾಗವೋ ನಿದಾನವೋ?

ಕೆಲವು ವರ್ಷಗಳ ಹಿಂದೆ ದಶಲಕ್ಷಣ ಪರ್ವದ ಸಂದರ್ಭದಲ್ಲಿ ಮಲೆನಾಡಿನ ಒಂದು ಚಿಕ್ಕ ಬಸದಿಯಲ್ಲಿ ಪಂಪನನ್ನು ಕುರಿತು ಮಾತನಾಡುವ ಅವಕಾಶ ನನಗೆ ಒದಗಿತ್ತು. ಅಂದು ಉತ್ತಮ ಆಕಿಂಚನ್ಯದ ದಿನ. ನಾನು ದಿನದ ವಿಷಯವನ್ನು ಅಷ್ಟಾಗಿ ಗಮನಿಸದೆ, ಬನವಾಸಿಯನ್ನು ಕುರಿತ ಪಂಪನ ಪ್ರಸಿದ್ಧ ಪದ್ಯಗಳನ್ನು ಓದಿ ಅರ್ಥ ಹೇಳಿದೆ. ನೆರೆದವರು ತಲೆದೂಗಿದರು. ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ವೃದ್ಧ ಶ್ರಾವಿಕೆ ಎದ್ದು ನಿಂತು, "ಪದ್ಯ ಚೆನ್ನಾಗಿದೆಯಪ್ಪಾ. ಆದರೆ ಜಿನಧರ್ಮವನ್ನು ತಿಳಿದವನು ದುಂಬಿಯಾಗಿ ಹುಟ್ಟಬೇಕೆಂದು ಬಯಸಬಹುದೇ? ಅದು ತಿರ್ಯಂಚಗತಿಯಲ್ಲವೇ?" ಎಂದು ಕೇಳಿದರು. ಕಿರಿಯರು ಕೆಲವರು ನಕ್ಕರು. ನಾನು, "ಅದು ಲೌಕಿಕ ಕಾವ್ಯ ತಾಯೀ, ಹಾಗೆಲ್ಲ ನೋಡಬಾರದು" ಎಂದು ಹೇಳಿ ಜಾರಿಕೊಂಡೆ. ಅವರಿಗೆ ಸಮಾಧಾನವಾಗಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಆ ಪ್ರಶ್ನೆಯನ್ನು ಅದಕ್ಕೆ ಸಲ್ಲಬೇಕಾದ ಗೌರವದೊಡನೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನು ತೀರ್ಥಯಾತ್ರೆಗೆ ಹೊರಟು ಬನವಾಸಿ ನಾಡಿಗೆ ಬರುತ್ತಾನೆ. ಅಲ್ಲಿ ಕಥೆ ಕ್ಷಣಕಾಲ ನಿಲ್ಲುತ್ತದೆ. ದಕ್ಷಿಣದಿಂದ ಬೀಸುವ ಗಾಳಿ, ಒಳ್ಳೆಯ ಮಾತು, ಇನಿದಾದ ಹಾಡು, ಅರಳಿದ ಮಲ್ಲಿಗೆ, ವಸಂತೋತ್ಸವ ಇವುಗಳಲ್ಲಿ ಯಾವುದೊಂದು ಒದಗಿದರೂ ಮನಸ್ಸು ಆ ನಾಡನ್ನೇ ನೆನೆಯುತ್ತದೆ ಎಂಬುದು ಒಂದು ಪದ್ಯದ ಭಾವ. ತ್ಯಾಗ, ಭೋಗ, ವಿದ್ಯೆ, ಸಂಗೀತ, ಸಜ್ಜನರ ಗೋಷ್ಠಿ ಇವುಗಳಿಗೆ ನೆಲೆಯಾದ ಅಲ್ಲಿನ ಮನುಷ್ಯರ ನಡುವೆ ಮನುಷ್ಯನಾಗಿ ಹುಟ್ಟಬೇಕು, ಅದು ಸಾಧ್ಯವಾಗದೆ ಹೋದರೆ ಅಲ್ಲಿನ ನಂದನವನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕು ಎಂಬುದು ಇನ್ನೊಂದರದು. ಕನ್ನಡನಾಡಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಇವು ಪರಿಚಿತ. ಪರಿಚಿತವಾದುದರಿಂದಲೇ ಇವುಗಳಲ್ಲಿ ಅಡಗಿರುವ ತೊಡಕನ್ನು ನಾವು ಕಾಣುವುದಿಲ್ಲ.

ತೊಡಕು ಸಣ್ಣದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶಲ್ಯರಹಿತನೇ ವ್ರತಿ ಎನ್ನುತ್ತದೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಲ್ಲಿ ನಿದಾನವೆಂದರೆ ಮುಂದಿನ ಭೋಗವನ್ನು ಬಯಸಿ ಮನಸ್ಸನ್ನು ಅದಕ್ಕೆ ಕಟ್ಟಿಹಾಕುವುದು. ಅದೇ ಅಧ್ಯಾಯದಲ್ಲಿ ಸಲ್ಲೇಖನೆಯ ಅತಿಚಾರಗಳನ್ನು ಹೇಳುವಾಗ ಮಿತ್ರಾನುರಾಗ, ಸುಖಾನುಬಂಧ, ನಿದಾನ ಎಂದು ಸಾಲಾಗಿ ಬರುತ್ತದೆ. ಗೆಳೆಯರ ಮೇಲಣ ಮಮತೆ, ಅನುಭವಿಸಿದ ಸುಖದ ನೆನಪು, ಮುಂದಿನ ಜನ್ಮದ ಬಯಕೆ: ಈ ಮೂರನ್ನೂ ಒಟ್ಟಿಗೆ ಇಟ್ಟರೆ ಬನವಾಸಿಯ ಪದ್ಯಗಳ ವಿಷಯಸೂಚಿಯೇ ಆಗುತ್ತದೆ! ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಸೂತ್ರಕಾರರು ಮೊದಲು ಹೆಸರಿಸುವುದು ಕ್ಷೇತ್ರವನ್ನು, ಅಂದರೆ ನೆಲವನ್ನು. ಇನ್ನು ದುಂಬಿ. ಎರಡನೆಯ ಅಧ್ಯಾಯದಲ್ಲಿ ಇಂದ್ರಿಯಗಳ ವೃದ್ಧಿಯನ್ನು ಹೇಳುವಲ್ಲಿ ಹುಳು, ಇರುವೆ, ದುಂಬಿ, ಮನುಷ್ಯ ಎಂಬ ಕ್ರಮವಿದೆ. ನಾಲ್ಕು ಇಂದ್ರಿಯಗಳ ಜೀವಕ್ಕೆ ಕೊಟ್ಟ ಉದಾಹರಣೆಯೇ ಭ್ರಮರ. ಪಂಚೇಂದ್ರಿಯನಾದ ಮನುಷ್ಯನು ನಾಡಿನ ಮೇಲಣ ಮೋಹದಿಂದ ಒಂದು ಮೆಟ್ಟಿಲು ಕೆಳಗಿಳಿಯಲು ಒಪ್ಪುವುದು ಎಂದರೇನು? ಪಂಪನಿಗೆ ಇದು ತಿಳಿಯದಿರಲು ಸಾಧ್ಯವಿಲ್ಲ. ಕ್ರಿ.ಶ. 941ರಲ್ಲಿ ಆದಿಪುರಾಣವನ್ನು ಬರೆದ ಕವಿ ಅವನು.

ನಾನು ಅಂದು ಆ ತಾಯಿಗೆ ಹೇಳಿದ ಉತ್ತರ ವಿಮರ್ಶಕರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವಂಥದು. ಒಂದರಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗಿದೆನೆಂದು ಪಂಪನೇ ಹೇಳಿಕೊಂಡಿರುವುದರಿಂದ ಭಾರತಕ್ಕೆ ಆಗಮದ ಅಳತೆಗೋಲನ್ನು ಹಿಡಿಯಬಾರದು ಎಂಬುದು ಅದರ ಸಾರ. ಇದು ಅನುಕೂಲವಾದ ಉತ್ತರ, ಆದರೆ ಪೂರ್ಣವಾದುದಲ್ಲ. ಎರಡು ಕಾವ್ಯಗಳನ್ನು ಬರೆದವನಿಗೆ ಎರಡು ಮನಸ್ಸುಗಳಿರಲಿಲ್ಲ. ಆ ಮಾತುಗಳು ಅರ್ಜುನನವು, ಕವಿಯವಲ್ಲ ಎಂಬುದು ಇನ್ನೊಂದು ಸಮಾಧಾನ. ಹಸ್ತಿನಾವತಿಯ ರಾಜಕುಮಾರನಿಗೆ ತಾನು ಅದೇ ತಾನೇ ಕಂಡ ದಕ್ಷಿಣದ ಒಂದು ನಾಡಿನ ಬಗೆಗೆ ಇಂಥ ಹಂಬಲ ಎಲ್ಲಿಂದ ಬಂದೀತು? ನೋಡುತ್ತಿರುವುದನ್ನು ಯಾರೂ ನೆನೆಯುವುದಿಲ್ಲ, ನೆನೆಯುವವನು ದೂರದಲ್ಲಿರುವವನು.

ಪಂಪನು ದೂರದಲ್ಲಿದ್ದನು. ಅವನ ಆಶ್ರಯದಾತ ಅರಿಕೇಸರಿಯ ರಾಜಧಾನಿ ಲೆಂಬುಳಪಾಟಕ, ಇಂದಿನ ತೆಲಂಗಾಣದ ವೇಮುಲವಾಡ. ಅವನ ತಮ್ಮ ಜಿನವಲ್ಲಭನು ಬರೆಯಿಸಿದ ಶಾಸನವಿರುವುದು ಕರೀಂನಗರ ಜಿಲ್ಲೆಯ ಗಂಗಾಧರದ ಬಳಿಯ ಗುಡ್ಡದಲ್ಲಿ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಒಂದೇ ಬಂಡೆಯ ಮೇಲಿರುವ ಆ ಶಾಸನವು ಈ ಮನೆತನದ ಬೇರುಗಳನ್ನು ವೆಂಗಿನಾಡಿನಲ್ಲಿಯೂ ತಾಯಿಯ ಕಡೆಯ ನಂಟನ್ನು ಅಣ್ಣಿಗೇರಿಯಲ್ಲಿಯೂ ತೋರಿಸುತ್ತದೆ. ತನ್ನ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಪಂಪನೇ ಹೇಳಿದ್ದಾನೆ. ಪುಲಿಗೆರೆ ಎಂದರೆ ಶಂಖಬಸದಿಯಿರುವ ಲಕ್ಷ್ಮೇಶ್ವರ. ತಂದೆಯ ಮೂಲ ಒಂದು ಕಡೆ, ನುಡಿ ಒಂದು ಕಡೆ, ಅನ್ನ ಇನ್ನೊಂದು ಕಡೆ, ಮನಸ್ಸು ವರದಾ ನದಿಯ ತೀರದಲ್ಲಿ. ಇಂಥವನ ದೇಶಪ್ರೇಮವು ಹುಟ್ಟಿದೂರನ್ನು ಬಿಟ್ಟು ಕದಲದವನ ಅಭಿಮಾನದಂತೆ ಇರಲಾರದು.

ಪದ್ಯದಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಇಲ್ಲಿ ಗಮನಾರ್ಹ. ಬನವಾಸಿ ಕದಂಬರ ರಾಜಧಾನಿಯಾಗಿದ್ದ ಪಟ್ಟಣ. ಆದರೂ ಈ ಪದ್ಯಗಳಲ್ಲಿ ಅರಸನಿಲ್ಲ, ಕೋಟೆಯಿಲ್ಲ, ಗಡಿಯಿಲ್ಲ, ಗೆಲುವಿನ ಮಾತಿಲ್ಲ, ಬೇರೆ ನಾಡು ಕೀಳೆಂಬ ಧ್ವನಿಯಂತೂ ಇಲ್ಲವೇ ಇಲ್ಲ. ಗಾಳಿ, ಹಾಡು, ಮಲ್ಲಿಗೆ ಎಲ್ಲೆಡೆಯೂ ಇರುವಂಥವು. ಬೇರೆ ನಾಡಿನಲ್ಲಿ ಅವು ಸಿಕ್ಕಾಗ ಬನವಾಸಿ ನೆನಪಾಗುತ್ತದೆ. ಅಂದರೆ ಪರನಾಡಿನ ಸೊಗಸನ್ನು ಅವನು ಅಲ್ಲಗಳೆಯುತ್ತಿಲ್ಲ. ಇನ್ನು ಅವನು ಆಸೆಪಡುವ ಜನ್ಮವಾದರೂ ಎಂಥದು? ಬನವಾಸಿಯ ಮಂಡಲೇಶ್ವರನಾಗಿ ಹುಟ್ಟಬೇಕೆಂದು ಅವನು ಬಯಸಿದ್ದರೆ ಶಾಸ್ತ್ರೋಕ್ತ ನಿದಾನಕ್ಕೆ ಅದು ನೇರ ಉದಾಹರಣೆಯಾಗುತ್ತಿತ್ತು. ದುಂಬಿಗೆ ಆಸ್ತಿಯಿಲ್ಲ, ಕೋಗಿಲೆ ಗೂಡನ್ನು ಕೂಡ ಕಟ್ಟುವುದಿಲ್ಲ.

ಇಲ್ಲಿ ಆದಿಪುರಾಣವನ್ನು ಪಕ್ಕದಲ್ಲಿಟ್ಟು ನೋಡಬೇಕು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದ ಬಾಹುಬಲಿ, ಸೋತ ಅಣ್ಣನು ಚಕ್ರವನ್ನು ಪ್ರಯೋಗಿಸಿದ ಮೇಲೆ, ರಾಜ್ಯಲಕ್ಷ್ಮಿ ನಿನ್ನಲ್ಲಿಯೇ ನೆಲಸಲಿ, ಅಪ್ಪನು ನನಗೆ ಕೊಟ್ಟ ನೆಲವನ್ನೂ ನಿನಗೇ ಕೊಟ್ಟೆ ಎಂದು ಹೇಳಿ ಹೊರಡುತ್ತಾನೆ. ಆ ಪದ್ಯದಲ್ಲಿ ಪಂಪನು ರಾಜ್ಯಲಕ್ಷ್ಮಿಯನ್ನು ಯಾವುದಕ್ಕೆ ಹೋಲಿಸಿದ್ದಾನೆ? ಯೋಧರ ಕತ್ತಿಗಳೆಂಬ ನೈದಿಲೆಯ ವನದಲ್ಲಿ ಸುಳಿದಾಡುವ ಹೆಣ್ಣುದುಂಬಿಗೆ! ಒಂದೇ ಕವಿಯ ಎರಡು ದುಂಬಿಗಳು ಇವು. ಒಂದು ಆಯುಧಗಳ ಕಾಡಿನಲ್ಲಿ ಅಲೆಯುವ ಅಧಿಕಾರ. ಇನ್ನೊಂದು ಬನವಾಸಿಯ ತೋಟದಲ್ಲಿ ಅಲೆಯುವ ನೆನಪು. ಎರಡೂ ಕಾವ್ಯಗಳನ್ನು ಒಟ್ಟಿಗೆ ಓದುವವರಿಗೆ ಮಾತ್ರ ಈ ಭೇದ ಕಾಣಿಸುತ್ತದೆ. ಲೌಕಿಕ, ಆಗಮಿಕ ಎಂದು ಎರಡು ಕಪಾಟುಗಳಲ್ಲಿ ಇಟ್ಟು ಬೀಗ ಹಾಕಿದರೆ ಕಾಣುವುದಿಲ್ಲ.

ಭರತನ ದಿಗ್ವಿಜಯದ ಕೊನೆಯ ಪ್ರಸಂಗವೂ ಇದಕ್ಕೆ ಸಂಬಂಧಿಸಿದುದೇ. ಷಟ್ಖಂಡವನ್ನು ಗೆದ್ದ ಚಕ್ರವರ್ತಿ ವೃಷಭಾಚಲದಲ್ಲಿ ತನ್ನ ಹೆಸರನ್ನು ಬರೆಯಿಸಲು ಹೋಗುತ್ತಾನೆ. ಅಲ್ಲಿ ಹಿಂದಿನ ಚಕ್ರವರ್ತಿಗಳ ಹೆಸರುಗಳು ಕಿಕ್ಕಿರಿದು, ಒಂದು ಹೆಸರಿಗೂ ತೆರಪಿಲ್ಲ. ಗರ್ವ ಇಳಿಯುತ್ತದೆ, ಆದರೂ ಒಂದು ಹಳೆಯ ಹೆಸರನ್ನು ಅಳಿಸಿ ಅಲ್ಲಿ ತನ್ನದನ್ನು ಬರೆಯಿಸುತ್ತಾನೆ. ನೆಲವನ್ನು ತನ್ನದೆಂದುಕೊಳ್ಳುವ ಪ್ರೀತಿ ಎಲ್ಲಿ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಮೊನಚಾದ ಚಿತ್ರ ಕನ್ನಡದಲ್ಲಿ ನನಗೆ ತಿಳಿದಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಕಥೆಯಲ್ಲಿ ಬಾಹುಬಲಿಗೆ ಕೊನೆಗೆ ಉಳಿದ ಶಲ್ಯವು ತಾನು ನಿಂತಿರುವುದು ಭರತನ ನೆಲ ಎಂಬುದು. ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿ ಅದು ತನ್ನಿಂದ ಭರತನಿಗೆ ಕ್ಲೇಶವಾಯಿತೆಂಬ ನೋವಾಗಿದೆ. ಎರಡನ್ನೂ ಸೇರಿಸಿ ನೋಡಿದರೆ, ನೆಲದ ಪ್ರಶ್ನೆ ಕೊನೆಗೆ ಸಂಬಂಧದ ಪ್ರಶ್ನೆಯಾಗುತ್ತದೆ. ರನ್ನನ ದುರ್ಯೋಧನನೂ ಗದಾಯುದ್ಧದಲ್ಲಿ ಹೇಳುವುದು ಇದನ್ನೇ: ಕರ್ಣನನ್ನು ಕೊಲ್ಲಿಸಿದ ನೆಲ ಅವನಿಗೆ ಪಾಳುನೆಲ. ಒಡನಾಡಿ ಹೋದ ಮೇಲೆ ನೆಲದಲ್ಲಿ ಪ್ರೀತಿಸಲು ಏನೂ ಉಳಿಯಲಿಲ್ಲ.

ಪಂಪನಿಗಿಂತ ಸುಮಾರು ಒಂದು ಶತಮಾನ ಹಿಂದೆ, ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗದ ದೇಶಾಭಿಮಾನ ಬೇರೆ ಬಗೆಯದು. ಅಲ್ಲಿ ಕಾವೇರಿಯಿಂದ ಗೋದಾವರಿಯವರೆಗಿನ ಎಲ್ಲೆಯಿದೆ, ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ತಿರುಳಿನ ನಾಡಿದೆ. ಅದು ಅಳೆದು ಗುರುತಿಸುವವನ ಪ್ರೀತಿ. ಆದರೆ ಅದೇ ಗ್ರಂಥವು ಪರರ ವಿಚಾರವನ್ನೂ ಪರಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತು ಎಂದೂ ಹೇಳುತ್ತದೆ ಎಂಬುದನ್ನು ಗಡಿಯ ಪದ್ಯವನ್ನು ಉದ್ಧರಿಸುವ ಭಾಷಣಕಾರರು ಮರೆಯುತ್ತಾರೆ. ಸಂಸ್ಕೃತ ತತ್ಸಮಗಳನ್ನು ತೊರೆದು ಬರೆದ ಜೈನಕವಿ ಆಂಡಯ್ಯನ ಅಭಿಮಾನ ನುಡಿಯದು. ಅದು ಬೇರೆಯೇ ಚರ್ಚೆಯ ವಿಷಯ.

ಇಷ್ಟಾದ ಮೇಲೆ ಆ ತಾಯಿಯ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಅರ್ಧ ಸಿಕ್ಕಿತೆಂದು ನನ್ನ ಭಾವನೆ. ಮಾಡಿದ ಪುಣ್ಯವನ್ನು ಪಣವಾಗಿಟ್ಟು ಭೋಗವನ್ನು ಕೇಳುವ ನಿದಾನ ಇದಲ್ಲ. ಪಂಪನು ಇಲ್ಲಿ ಏನನ್ನೂ ಒತ್ತೆಯಿಡುತ್ತಿಲ್ಲ. ಆದರೆ ಇದು ರಾಗ ಎಂಬುದರಲ್ಲಿ ಸಂದೇಹವಿಲ್ಲ. ಕೆಲವು ಅಭಿಮಾನಿಗಳು ಇದನ್ನು ಪ್ರಶಸ್ತರಾಗವೆಂದು ಕರೆಯಲು ಹೊರಡುತ್ತಾರೆ. ನಾನು ಒಪ್ಪಲಾರೆ. ಪ್ರಶಸ್ತರಾಗವು ಅರ್ಹಂತ, ಸಿದ್ಧ, ಸಾಧುಗಳಲ್ಲಿಯ ಭಕ್ತಿಗೆ ಸಲ್ಲುವ ಹೆಸರು. ಮಲ್ಲಿಗೆಗೂ ಗೋಷ್ಠಿಗೂ ಅದನ್ನು ಹಂಚುವುದು ಶಾಸ್ತ್ರಕ್ಕೂ ಕಾವ್ಯಕ್ಕೂ ಮಾಡುವ ಅನ್ಯಾಯ. ಧವಲಾ ಟೀಕೆಯ ಪ್ರಕಾರ ಷಟ್ಖಂಡಾಗಮದ ಮೊದಲ ಸೂತ್ರಗಳನ್ನು ಪುಷ್ಪದಂತಾಚಾರ್ಯರು ರಚಿಸಿದ್ದು ವನವಾಸ ದೇಶದಲ್ಲಿ, ಎಂದರೆ ಈ ಬನವಾಸಿಯಲ್ಲಿಯೇ. ಶ್ರುತದ ಈ ನೆಲೆಯನ್ನು ಪಂಪನು ಸ್ಮರಿಸಿದ್ದರೆ ಮಾತು ಬೇರೆಯಾಗುತ್ತಿತ್ತು. ಅವನು ಸ್ಮರಿಸಿಲ್ಲ. ಅವನಿಗೆ ಬೇಕಾದದ್ದು ಮನುಷ್ಯರ ಒಡನಾಟ.

ಆದರೆ ಅವನು ತನ್ನ ರಾಗವನ್ನು ಅರಿತೇ ಹೇಳುತ್ತಿದ್ದಾನೆ. ಯಾರು ಅಂಕುಶವನ್ನಿಟ್ಟು ತಡೆದರೂ ಮನಸ್ಸು ಅಲ್ಲಿಗೇ ಹೋಗುತ್ತದೆ ಎಂಬುದು ಆ ಪದ್ಯದ ಕೊನೆಯ ಮಾತು. ನಮ್ಮ ಪರಂಪರೆಯಲ್ಲಿ ಈ ಅಂಕುಶ ಅಪರಿಚಿತವಾದುದಲ್ಲ. ಮನಸ್ಸೆಂಬ ಮದ್ದಾನೆಗೆ ಜ್ಞಾನವೇ ಅಂಕುಶ ಎಂದು ಭಗವತೀ ಆರಾಧನೆ ಹೇಳುತ್ತದೆ. ಈ ಹಿನ್ನೆಲೆಯಲ್ಲಿ ಓದಿದರೆ ಪಂಪನ ಮಾತು ಹೆಮ್ಮೆಯ ಮಾತಲ್ಲ. ತನ್ನ ಆನೆ ಅಂಕುಶಕ್ಕೆ ಮಣಿಯುತ್ತಿಲ್ಲ ಎಂಬ ಒಪ್ಪಿಗೆ. ಆಲೋಚನೆಯ ದನಿ ಅದರಲ್ಲಿದೆ. ಪಶ್ಚಾತ್ತಾಪದ ದನಿ ಮಾತ್ರ ಇಲ್ಲವೆಂಬುದನ್ನೂ ಮುಚ್ಚಿಡಬಾರದು.

ಇಂದು ಈ ಪದ್ಯಗಳು ನಮ್ಮ ಆಮಂತ್ರಣ ಪತ್ರಿಕೆಗಳ ಮೇಲೆ, ಸಮಾರಂಭಗಳ ಫಲಕಗಳ ಮೇಲೆ ಮೆರೆಯುತ್ತಿವೆ. ಮುಂಬಯಿಯಲ್ಲಿಯೂ ಹೊರದೇಶಗಳಲ್ಲಿಯೂ ನೆಲಸಿದ ನಮ್ಮ ಕುಟುಂಬಗಳು ಊರ ಬಸದಿಯನ್ನು ನೆನೆದು ಹಣ ಕಳಿಸುವುದು ಸಂತೋಷದ ವಿಷಯ. ಆದರೆ ಜೀರ್ಣೋದ್ಧಾರವಾದ ಒಂದು ಬಸದಿಯಲ್ಲಿ ನಾನು ಕಂಡದ್ದನ್ನು ಹೇಳದಿರಲಾರೆ. ಮುಖಮಂಟಪದ ಕಂಬದಲ್ಲಿ ಹಳೆಯ ದಾನಿಯೊಬ್ಬರ ಹೆಸರು ಕೆತ್ತಿದ್ದ ನಾಲ್ಕು ಸಾಲುಗಳಿದ್ದವು. ನಾನು ಎರಡನೆಯ ಬಾರಿ ಹೋದಾಗ ಆ ಕಂಬಕ್ಕೆ ನುಣುಪಾದ ಅಮೃತಶಿಲೆಯನ್ನು ಹೊದಿಸಿ ಹೊಸ ದಾನಿಗಳ ಪಟ್ಟಿಯನ್ನು ಕೆತ್ತಲಾಗಿತ್ತು. ಧರ್ಮದರ್ಶಿಗಳು ಅದನ್ನು ಅಭಿಮಾನದಿಂದಲೇ ತೋರಿಸಿದರು. ವೃಷಭಾಚಲದ ಕಥೆಯನ್ನು ಅವರೂ ಬಲ್ಲವರು. ಪರ್ವದಲ್ಲಿ ಹೇಳಿದವರೂ ಇರಬಹುದು.

ಈ ಲೇಖನದ ಕರಡನ್ನು ಕಳೆದ ಬಾರಿ ಆ ವೃದ್ಧ ಶ್ರಾವಿಕೆಗೆ ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕು ಇಂದ್ರಿಯದ ಜೀವಕ್ಕೆ ಮನಸ್ಸಿಲ್ಲವಲ್ಲಪ್ಪಾ, ಅದು ಅಸಂಜ್ಞಿ. ದುಂಬಿಯಾಗಿ ಅಲ್ಲೇ ಹುಟ್ಟಿದರೂ ಇದು ಬನವಾಸಿ ಎಂದು ಅದು ನೆನೆಯುವುದು ಹೇಗೆ?" ಎಂದರು. ನಾನು ಉತ್ತರ ಹುಡುಕುತ್ತಿರುವಾಗ ಅವರೇ ನಕ್ಕು, "ಕೋಗಿಲೆಗಾದರೆ ಮನಸ್ಸುಂಟು. ಅದಕ್ಕೇ ಅದನ್ನೂ ಸೇರಿಸಿರಬೇಕು" ಎಂದು ಹೇಳಿ ಸಂಜೆಯ ಆರತಿಗೆ ಎದ್ದರು.