ಭೇಟಿಯ ಲೆಕ್ಕಕ್ಕೆ ಸಿಗದ ಚಿಕಿತ್ಸೆ

ಅಮೆರಿಕದ ಸಮುದಾಯ ಆರೋಗ್ಯ ಕೇಂದ್ರಗಳನ್ನು ಹೊಗಳುವವರು ಸಾಮಾನ್ಯವಾಗಿ ಅಂಕಿಗಳಿಂದಲೇ ಶುರುಮಾಡುತ್ತಾರೆ. ಸುಮಾರು 1,400 ಸಂಸ್ಥೆಗಳು, ವರ್ಷಕ್ಕೆ 3 ಕೋಟಿಗೂ ಹೆಚ್ಚು ರೋಗಿಗಳು. ಅವರಲ್ಲಿ ಅರ್ಧದಷ್ಟು ಜನ ಬಡವರಿಗೆಂದೇ ಇರುವ ಸರ್ಕಾರಿ ವಿಮೆಯಾದ ಮೆಡಿಕೇಡನ್ನು ನೆಚ್ಚಿಕೊಂಡವರು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಯಾವ ವಿಮೆಯೂ ಇಲ್ಲ. ಇಷ್ಟು ಜನಕ್ಕೆ ಬಾಗಿಲು ತೆರೆದಿಡುವುದು ಸಣ್ಣ ಸಾಧನೆಯಲ್ಲ. ಆದರೂ ಈ ಕೇಂದ್ರಗಳನ್ನು ಅಳೆಯಬೇಕಾದದ್ದು ಅವುಗಳನ್ನು ಕಟ್ಟಿದವರು ಹಾಕಿಕೊಂಡ ಪ್ರಶ್ನೆಯಿಂದ: ಈ ಜನ ಕಾಯಿಲೆ ಬೀಳುವುದಾದರೂ ಯಾಕೆ?

ಟಫ್ಟ್ಸ್ ವಿಶ್ವವಿದ್ಯಾಲಯದ ವೈದ್ಯರಾದ ಜ್ಯಾಕ್ ಗೈಗರ್ ಮತ್ತು ಕೌಂಟ್ ಗಿಬ್ಸನ್ 1965ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನ ಕೊಲಂಬಿಯಾ ಪಾಯಿಂಟ್ ಎಂಬ ಬಡವರ ವಸತಿ ಸಮುಚ್ಚಯದೊಳಗೇ ಕೇಂದ್ರ ತೆರೆದರು. ಗೈಗರ್ ವಿದ್ಯಾರ್ಥಿಯಾಗಿದ್ದಾಗ ದಕ್ಷಿಣ ಆಫ್ರಿಕಾದ ಫೊಲೆಲಾದಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ದಂಪತಿ ಕಟ್ಟಿದ ಕೇಂದ್ರದಲ್ಲಿ ಕಲಿತವರು. ಮಿಸಿಸಿಪ್ಪಿಯ ಮೌಂಡ್ ಬಾಯೂನಲ್ಲಿ ಆರಂಭಿಸಿದ ಎರಡನೆಯ ಕೇಂದ್ರದಲ್ಲಂತೂ ಅಪೌಷ್ಟಿಕತೆಯ ಮಕ್ಕಳಿಗೆ ವೈದ್ಯರು ಔಷಧದ ಚೀಟಿಯಲ್ಲಿ ಆಹಾರವನ್ನೇ ಬರೆದುಕೊಟ್ಟರು. ಅಂಗಡಿಯ ಬಿಲ್ಲನ್ನು ಔಷಧದ ಖಾತೆಯಿಂದ ತೀರಿಸಿದರು. ಬಾವಿ ತೋಡಿಸಿದರು, ಶೌಚಾಲಯ ಕಟ್ಟಿಸಿದರು, ಬೇಸಾಯದ ಸಹಕಾರ ಸಂಘಕ್ಕೆ ಒತ್ತಾಸೆಯಾದರು.

ಆ ಪರಂಪರೆಯಲ್ಲಿ ಇವತ್ತಿಗೂ ಗಟ್ಟಿಯಾಗಿ ಉಳಿದದ್ದು ಎರಡು. ಒಂದು, ಬಡತನದ ರೇಖೆಯ ಎರಡು ಪಟ್ಟಿನವರೆಗೆ ಆದಾಯ ನೋಡಿ ಶುಲ್ಕ ಇಳಿಸುತ್ತಾರೆ. ಕೈಯಲ್ಲಿ ಕಾಸಿಲ್ಲವೆಂದು ಯಾರನ್ನೂ ವಾಪಸು ಕಳಿಸುವಂತಿಲ್ಲ. ಇನ್ನೊಂದು, ಆಡಳಿತ ಮಂಡಳಿಯಲ್ಲಿ ಕನಿಷ್ಠ ಶೇ. 51ರಷ್ಟು ಜನ ಅದೇ ಕೇಂದ್ರದ ರೋಗಿಗಳಾಗಿರಬೇಕು. ಎರಡು ಪಾಳಿ ದುಡಿಯುವವರಿಗೆ ಸಭೆಗೆ ಪುರಸೊತ್ತೆಲ್ಲಿ ಎಂಬ ಆಕ್ಷೇಪ ನಿಜವೇ. ಆದರೂ ದವಾಖಾನೆ ಎಷ್ಟು ಗಂಟೆಗೆ ತೆರೆಯಬೇಕು ಎಂಬುದರಿಂದ ಹಿಡಿದು ಬಜೆಟ್‌ವರೆಗೆ ರೋಗಿಯ ಮಾತಿಗೆ ಕಾನೂನಿನ ಬಲ ಕೊಡುವ ಏರ್ಪಾಡು ದಾನಧರ್ಮದ ಆಸ್ಪತ್ರೆಗಳಲ್ಲಿ ಕಾಣುವುದು ಅಪರೂಪ. ಮ್ಯಾಸಚೂಸೆಟ್ಸ್ ರಾಜ್ಯ 2006ರ ಕಾಯ್ದೆಯಿಂದ ಬಹುತೇಕ ಎಲ್ಲರಿಗೂ ವಿಮೆ ಒದಗಿಸಿತು. ಬೇರೆ ಕಡೆ ಹೋಗುವ ದಾರಿ ತೆರೆದ ಮೇಲೂ ಜನ ಈ ಕೇಂದ್ರಗಳನ್ನು ಬಿಡಲಿಲ್ಲ. ಗತಿಯಿಲ್ಲದವರಷ್ಟೇ ಇಲ್ಲಿಗೆ ಬರುತ್ತಾರೆಂಬ ಮಾತಿಗೆ ಅದೇ ಉತ್ತರ.

ಸಡಿಲಗೊಂಡಿರುವುದು ಮೂಲದ ಪ್ರಶ್ನೆ. ಮೆಡಿಕೇಡ್ ಈ ಕೇಂದ್ರಗಳಿಗೆ ಸಾಮಾನ್ಯವಾಗಿ ಹಣ ಕೊಡುವುದು ಒಂದು ಭೇಟಿಗೆ ಇಷ್ಟು ಎಂದು. ಮಗುವಿಗೆ ಪದೇ ಪದೇ ದಮ್ಮು ಬಂದರೆ ಪ್ರತಿ ಭೇಟಿಗೂ ಹಣ ಬರುತ್ತದೆ. ಆ ಮನೆಯ ಗೋಡೆಗೆ ಹಿಡಿದ ಬೂಸಲನ್ನು ತೆಗೆಸಲು ಕಾರ್ಯಕರ್ತೆಯೊಬ್ಬಳು ಮನೆಯ ಮಾಲೀಕನ ಬೆನ್ನುಹತ್ತಿದರೆ ಅದಕ್ಕೆ ಸಾಮಾನ್ಯವಾಗಿ ಬಿಲ್ಲಿಲ್ಲ. ಅನುದಾನ ಸಿಕ್ಕಾಗ ಇಂಥ ಕೆಲಸ ನಡೆಯುತ್ತದೆ, ಮುಗಿದಾಗ ನಿಲ್ಲುತ್ತದೆ. ಗೈಗರ್ ಮುಖ್ಯವೆಂದುಕೊಂಡದ್ದು ಲೆಕ್ಕದ ಪುಸ್ತಕದ ಅಂಚಿಗೆ ಸರಿದಿದೆ.

ಮಿತಿ ಇನ್ನೊಂದು ದಿಕ್ಕಿನಲ್ಲೂ ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಾಣಂತನದ ಆರೈಕೆಯನ್ನು ಕೇಂದ್ರ ಚೆನ್ನಾಗಿಯೇ ನೋಡಿಕೊಳ್ಳುತ್ತದೆ. ಗಡ್ಡೆಯೊಂದು ಕಂಡು ತಜ್ಞರ ಬಳಿ ಕಳಿಸಬೇಕಾದಾಗ ವಿಮೆಯಿಲ್ಲದವರ ಪಾಡು ದೊಡ್ಡ ಆಸ್ಪತ್ರೆಯ ಔದಾರ್ಯಕ್ಕೆ ಬಿಟ್ಟದ್ದು. 1986ರ ಕಾನೂನು ತುರ್ತು ವಿಭಾಗಕ್ಕೆ ಬಂದವರನ್ನು ಪರೀಕ್ಷಿಸಿ, ತುರ್ತು ಸ್ಥಿತಿಯಿದ್ದರೆ ಅದನ್ನು ಸ್ಥಿರಗೊಳಿಸಬೇಕೆನ್ನುತ್ತದೆ. ಆಮೇಲಿನ ತಿಂಗಳುಗಟ್ಟಲೆ ಚಿಕಿತ್ಸೆಯ ಹೊಣೆಯನ್ನು ಅದು ಹೊರಿಸುವುದಿಲ್ಲ. ಕಾಯಿಲೆಯನ್ನು ಬೇಗ ಪತ್ತೆಹಚ್ಚುವ ಕೇಂದ್ರವೇ ಅಸಹಾಯಕವಾಗುವುದು ಇಲ್ಲಿ.

ಒರೆಗಾನ್ ರಾಜ್ಯ 2013ರಿಂದ ಕೆಲವು ಕೇಂದ್ರಗಳಿಗೆ ಭೇಟಿಯ ಬದಲು ತಲೆಗೆ ಇಷ್ಟೆಂದು ಪ್ರತಿ ತಿಂಗಳು ಹಣ ಕೊಡುವ ಕ್ರಮ ತಂದಿದೆ. ಭೇಟಿಯಾಚೆಗಿನ ಕೆಲಸಕ್ಕೂ ಹಣ ಬಳಸಬಹುದಾದ್ದರಿಂದ ಮೂಲದ ಪ್ರಶ್ನೆಗೆ ಮರಳಲು ಇದು ಸರಿಯಾದ ದಾರಿ. ಆದರೆ ಆ ಹಣ ಬರುವುದು ಮೆಡಿಕೇಡ್ ಇರುವವರ ಹೆಸರಿನಲ್ಲಿ. ವಿಮೆಯೇ ಇಲ್ಲದವರ ತಲೆಯನ್ನು ಯಾರೂ ಎಣಿಸುವುದಿಲ್ಲ. ಕೊರತೆ ಕೇಂದ್ರದ್ದಲ್ಲ, ಎಲ್ಲರಿಗೂ ವಿಮೆ ಕೊಡಲೊಪ್ಪದ ದೇಶದ್ದು. ಕೇಂದ್ರಗಳು ಚೆನ್ನಾಗಿ ನಡೆಯುತ್ತಿವೆಯಲ್ಲ ಎಂಬ ಸಮಾಧಾನ ಆ ನಿರಾಕರಣೆಗೆ ನೆಪವಾಗುವುದಾದರೆ, ಅವುಗಳ ಯಶಸ್ಸನ್ನು ಹೊಗಳುವಾಗಲೂ ಎಚ್ಚರ ಬೇಕು.