ಉದ್ಯೋಗವೊಂದೇ ಪುರುಷಲಕ್ಷಣವೇ? – ಎರಡು ಕನ್ನಡ ಕಾದಂಬರಿಗಳ ಸಾಕ್ಷ್ಯ

‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಮಾತನ್ನು ಕೇಳದೆ ಬೆಳೆದ ಗಂಡುಮಗ ನಮ್ಮ ಮನೆಗಳಲ್ಲಿ ವಿರಳ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ನಾಗಪುರಕ್ಕೆ ಬಂದ ಕನ್ನಡಿಗರ ಪಾಲಿಗಂತೂ ಇದು ಬರಿಯ ಗಾದೆಯಲ್ಲ. ನಾವು ಇಲ್ಲಿಗೆ ಬಂದುದರ ಕಾರಣವೇ ಅದು. ಹೊಸಬರೊಬ್ಬರು ಎದುರಾದರೆ “ಯಾವ ಊರಿನವರು?” ಎಂದು ಕೇಳಿದ ಮರುಗಳಿಗೆಯೇ “ಎಲ್ಲಿ ಕೆಲಸ?” ಎಂದು ಕೇಳುತ್ತೇವೆ. ಆದರೆ ಆ ಕೆಲಸದ ಸ್ವರೂಪ ನಮ್ಮ ಕಣ್ಣೆದುರಿಗೇ ಬದಲಾಗಿದೆ. ಜಮಶೇಟಜಿ ಟಾಟಾ ಅವರು 1877ರಲ್ಲಿ ಇಲ್ಲಿ ಆರಂಭಿಸಿದ ಎಂಪ್ರೆಸ್ ಗಿರಣಿ ನೂರು ವರ್ಷಕ್ಕೂ ಮಿಕ್ಕಿ ನಡೆದು 2002ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಅದೇ ಹೆಸರಿನ ಮಾಲ್ ಇದೆ. ಅತ್ತ ಮಿಹಾನಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಹುಡುಗ ಹುಡುಗಿಯರು ಪಕ್ಕಪಕ್ಕದ ಮೇಜುಗಳಲ್ಲಿ ಕುಳಿತು ಒಂದೇ ಬಗೆಯ ಕೆಲಸ ಮಾಡುತ್ತಿದ್ದಾರೆ. ಹೀಗಿರುವಾಗ ಹಳೆಯ ಮಾತಿನ ಗತಿಯೇನು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಮೂವತ್ತನಾಲ್ಕು ವರ್ಷಗಳ ಅಂತರದಲ್ಲಿ ಬಂದ ಎರಡು ಕನ್ನಡ ಕೃತಿಗಳನ್ನು ಒಟ್ಟಿಗೆ ಓದಿ ನೋಡೋಣ.

ಮೊದಲನೆಯದು ಯಶವಂತ ಚಿತ್ತಾಲರ ‘ಶಿಕಾರಿ’ (1979). ಉತ್ತರ ಕನ್ನಡದ ಹನೇಹಳ್ಳಿಯಿಂದ ಮುಂಬಯಿಗೆ ಹೋಗಿ ರಾಸಾಯನಿಕ ಉದ್ಯಮದಲ್ಲಿ ದುಡಿದ ಚಿತ್ತಾಲರಿಗೆ ಕಂಪನಿಯ ಲೋಕ ಒಳಗಿನಿಂದ ಗೊತ್ತಿತ್ತು. ಕಥಾನಾಯಕ ನಾಗಪ್ಪನೂ ಅಂಥದೇ ಹಳ್ಳಿಯಿಂದ ಬಂದು, ಬಡತನ ದಾಟಿ, ದೊಡ್ಡ ಕಂಪನಿಯೊಂದರಲ್ಲಿ ಹಿರಿಯ ಹುದ್ದೆಗೆ ಏರಿದವನು. ಒಂದು ದಿನ ವಿಚಾರಣೆಯ ನೆಪದಲ್ಲಿ ಅವನನ್ನು ಕೆಲಸದಿಂದ ಅಮಾನತಿನಲ್ಲಿಡುತ್ತಾರೆ. ಮಾಡಿದ ತಪ್ಪೇನೆಂದು ಅವನಿಗೆ ಸ್ಪಷ್ಟವಾಗಿ ತಿಳಿಯದು. ನಿನ್ನೆಯವರೆಗೆ ಜೊತೆಗಿದ್ದವರ ನಗುವಿನಲ್ಲೂ ಇಂದು ಸಂಚು ಕಾಣುತ್ತದೆ. ಹುದ್ದೆ ಅಲುಗಿದ ಕೂಡಲೇ ‘ನಾನು ಯಾರು’ ಎಂಬ ಪ್ರಶ್ನೆಗೆ ಅವನಲ್ಲಿ ಸಿದ್ಧ ಉತ್ತರವಿಲ್ಲದಂತಾಗುತ್ತದೆ. ಊರು ಬಿಟ್ಟು ಬಂದವನಿಗೆ ಕಚೇರಿಯೇ ಊರು, ಹುದ್ದೆಯೇ ಮನೆತನದ ಹೆಸರು. ಅದು ಹೋದರೆ ಹಿಂದಿರುಗಲು ನೆಲವಿಲ್ಲ. ಹೊರನಾಡ ಕನ್ನಡಿಗನ ಮನಸ್ಸಿನ ಈ ಭಯವನ್ನು ಇಷ್ಟು ನಿಷ್ಠುರವಾಗಿ ಹಿಡಿದ ಬೇರೊಂದು ಕಾದಂಬರಿಯನ್ನು ನಾವು ಓದಿಲ್ಲ.

ಎರಡನೆಯದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಶ್ರೀನಾಥ ಪೇರೂರರ ಇಂಗ್ಲಿಷ್ ಅನುವಾದದ ಮೂಲಕ ಇದು ಹೊರದೇಶಗಳಲ್ಲೂ ಹೆಸರು ಮಾಡಿತು. ಇಲ್ಲಿನ ಕಷ್ಟ ನಾಗಪ್ಪನದಕ್ಕೆ ಪೂರ್ತಿ ವಿರುದ್ಧವಾದುದು. ಅಪ್ಪ ಒಂದು ಕಾಲಕ್ಕೆ ಚಹಾಪುಡಿಯ ಸೇಲ್ಸ್‌ಮನ್. ಅವನ ಸಂಬಳದಲ್ಲಿ ಇಡೀ ಮನೆ ಬಿಗಿಯಾಗಿ, ಆದರೆ ಒಟ್ಟಾಗಿ ನಡೆದಿತ್ತು. ಆ ಕೆಲಸ ಹೋದ ಮೇಲೆ ಬಂದ ಹಣ ಚಿಕ್ಕಪ್ಪನ ‘ಸೋನಾ ಮಸಾಲ’ಕ್ಕೆ ಬಂಡವಾಳವಾಯಿತು. ವ್ಯಾಪಾರ ಬೆಳೆದು ಮನೆಯೂ ದೊಡ್ಡದಾಯಿತು. ಕಥೆ ಹೇಳುವ ಮಗ ಹೆಸರಿಗೆ ಡೈರೆಕ್ಟರ್. ಕೆಲಸವಿಲ್ಲ, ಆದರೆ ತಿಂಗಳು ತಿಂಗಳು ಬ್ಯಾಂಕಿಗೆ ಸಂಬಳ ಬಂದು ಬೀಳುತ್ತದೆ. ಅವನು ಕಾಫಿ ಹೌಸಿನಲ್ಲಿ ಕುಳಿತು ಹೊತ್ತು ಕಳೆಯುತ್ತಾನೆ. ಮದುವೆಯಾದ ಹೊಸತರಲ್ಲೇ ಹೆಂಡತಿ ಅನಿತಾಳಿಗೆ ಇದು ತಿಳಿದುಹೋಗುತ್ತದೆ. ಗಂಡ ಗಳಿಸದ ಹಣದಲ್ಲಿ ಬದುಕುವುದು ಅವಳಿಗೆ ಅವಮಾನ. ಅವಳ ಒಂದೊಂದು ಮಾತೂ ಗಂಡನಿಗಷ್ಟೇ ಅಲ್ಲ, ಇಡೀ ಮನೆಗೆ ಚುಚ್ಚುತ್ತದೆ.

ಇವೆರಡನ್ನೂ ಕೂಡಿಸಿ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ನಾಗಪ್ಪನಿಗೆ ಕೆಲಸ ಹೋಗುವ ಭಯ; ಶಾನಭಾಗರ ನಾಯಕನಿಗೆ ಕೆಲಸ ಬೇಕೆಂಬ ಅಗತ್ಯವೇ ಇಲ್ಲ. ಆದರೂ ಇಬ್ಬರೂ ಒಂದೇ ಗೋಡೆಗೆ ಬಂದು ತಾಗುತ್ತಾರೆ. ಸಂಬಳ, ಹುದ್ದೆಗಳನ್ನು ಬಿಟ್ಟರೆ ತಾನು ಯಾರಿಗೆ, ಯಾವುದಕ್ಕೆ ಬೇಕಾದವನೆಂಬುದನ್ನು ಯಾರೂ ಇವರಿಗೆ ಕಲಿಸಿಲ್ಲ. ‘ಘಾಚರ್ ಘೋಚರ್’ನಲ್ಲಿ ಮನೆಯವರೆಲ್ಲ ಚಿಕ್ಕಪ್ಪನ ಊಟ, ನಿದ್ದೆ, ಅನುಕೂಲಗಳನ್ನು ಕಾಯುತ್ತಾರೆ, ಗಳಿಸುವವನೇ ಮನೆಯ ಅಧಿದೇವತೆ. ಇಡೀ ದಿನ ಬಿಡುವಿದ್ದರೂ ಮನೆಗೆಲಸದಲ್ಲಿ ತನಗೊಂದು ಪಾಲಿದೆಯೆಂದು ಕಥಾನಾಯಕನಿಗೆ ಹೊಳೆಯುವುದಿಲ್ಲ. ಲೇಖಕರಿಗೆ ಇದು ಗೊತ್ತು, ಅವರ ವ್ಯಂಗ್ಯವಿರುವುದೂ ಅಲ್ಲಿಯೇ. ಆದರೆ ಕೃತಿ ಆ ವ್ಯಂಗ್ಯದ ಆಚೆಗೆ ದಾರಿ ತೋರುವುದಿಲ್ಲ. ಅನಿತಾಳ ಮನಸ್ಸೂ ನಮಗೆ ತಿಳಿಯುವುದು ಗಂಡನ ಬಾಯಿಂದಲೇ. ಈ ಕೊರತೆಯನ್ನು ಹೇಳದೆ ಬರಿಯ ಮೆಚ್ಚುಗೆ ಸೂಚಿಸಿದರೆ ವಿಮರ್ಶೆ ಅರ್ಧವಾದೀತು.

ಈ ಸಂದರ್ಭದಲ್ಲಿ ಸತ್ಯಜಿತ್ ರಾಯ್ ಅವರ ಬಂಗಾಲಿ ಚಿತ್ರ ‘ಮಹಾನಗರ’ (1963) ನೆನಪಿಗೆ ಬರುತ್ತದೆ. ಅಲ್ಲಿ ಹೆಂಡತಿ ಆರತಿ ಮನೆಮನೆಗೆ ಹೋಗಿ ಮಾರಾಟ ಮಾಡುವ ಕೆಲಸಕ್ಕೆ ಸೇರುತ್ತಾಳೆ. ಗಂಡ ಸುಬ್ರತನ ಬ್ಯಾಂಕು ಮುಳುಗಿ ಅವನು ಮನೆಯಲ್ಲಿ ಕೂರಬೇಕಾಗುತ್ತದೆ. ಅವನ ಅಸೂಯೆ, ಸಂಕಟ ಯಾವುದನ್ನೂ ರಾಯ್ ಮುಚ್ಚಿಡುವುದಿಲ್ಲ. ಆದರೆ ಕೊನೆಯಲ್ಲಿ ಇಬ್ಬರಿಗೂ ಕೆಲಸವಿಲ್ಲದಿರುವಾಗ ಅವರು ಒಬ್ಬರಿಗೊಬ್ಬರು ಆಸರೆಯಾಗಿ ನಿಲ್ಲುತ್ತಾರೆ. ನಮ್ಮ ಎರಡು ಕೃತಿಗಳಲ್ಲಿ ಕಾಣದ ದಾರಿ ಅದು.

ಇದು ಕಥೆ ಕಾದಂಬರಿಗಳ ಮಾತಷ್ಟೇ ಅಲ್ಲ. ಕೇಂದ್ರ ಸರಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ, 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಹೆಂಗಸರಲ್ಲಿ ದುಡಿಮೆಗೆ ಇಳಿದವರು 2017–18ರಲ್ಲಿ ನೂರಕ್ಕೆ 23 ಮಂದಿ ಇದ್ದರು. 2023–24ರಲ್ಲಿ ಅವರ ಸಂಖ್ಯೆ ಸುಮಾರು 42ಕ್ಕೆ ಏರಿತು. ಗಂಡಸರ ಪ್ರಮಾಣವೂ ತಗ್ಗಿಲ್ಲ. 76ರ ಆಸುಪಾಸಿನಲ್ಲಿದ್ದುದು 79ರ ಹತ್ತಿರಕ್ಕೆ ಬಂದಿದೆ. ಅಂದರೆ ಹೆಣ್ಣುಮಕ್ಕಳು ಗಂಡಸರ ಕೆಲಸ ಕಸಿದುಕೊಂಡರೆಂಬ ದೂರಿಗೆ ಈ ಅಂಕಿಗಳಲ್ಲಿ ಆಧಾರವಿಲ್ಲ. ಮನೆಯೊಳಗಿನ ಚಿತ್ರ ಮಾತ್ರ ಬೇರೆ. 2019ರ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ದಿನದಲ್ಲಿ ಒಮ್ಮೆಯಾದರೂ ಕೈಹಾಕಿದ ಹೆಂಗಸರು ನೂರಕ್ಕೆ 81, ಗಂಡಸರು 26. ಹಾಗೆ ಕೈಹಾಕಿದವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ, ಗಂಡಸರು 97 ನಿಮಿಷ. ಹೆಂಗಸರು ಕಚೇರಿಗೆ ಬಂದಷ್ಟು ವೇಗವಾಗಿ ಗಂಡಸರು ಅಡಿಗೆಮನೆಗೆ ಬಂದಿಲ್ಲ.

ರೈಲ್ವೆ, ಬ್ಯಾಂಕು, ಸರಕಾರಿ ಕಚೇರಿಗಳಲ್ಲಿ ದುಡಿದು ನಿವೃತ್ತರಾದ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಅರವತ್ತರ ಮರುದಿನ ಬೆಳಿಗ್ಗೆ ಏನು ಮಾಡಬೇಕೆಂದು ತೋಚದೆ, ಒಂದೇ ಪತ್ರಿಕೆಯನ್ನು ಮೂರು ಸಲ ಓದಿ, ಕೊನೆಗೆ ಹೆಂಡತಿಯ ಸಾರಿನ ಉಪ್ಪು ಖಾರದ ಮೇಲೆ ಸಿಟ್ಟು ತೀರಿಸಿಕೊಳ್ಳುವವರು ಕಡಿಮೆಯಿಲ್ಲ. ಈಗಿನ ಹುಡುಗರಿಗೆ ಆ ಬೆಳಿಗ್ಗೆ ಅರವತ್ತಕ್ಕೇ ಬರಬೇಕೆಂದಿಲ್ಲ. ಖಾಸಗಿ ಕಂಪನಿಯ ಒಂದು ಕಾಗದದಿಂದ ನಲವತ್ತಕ್ಕೂ ಬಂದೀತು. ಅಂದು ಅವನನ್ನು ಉಳಿಸುವುದು ಹುದ್ದೆಯ ನೆನಪಲ್ಲ. ಮಗುವಿಗೆ ಊಟ ಮಾಡಿಸಬಲ್ಲ, ಹೆಂಡತಿಯ ಸಂಬಳವನ್ನು ನಾಚಿಕೆಯಿಲ್ಲದೆ ‘ನಮ್ಮ ಸಂಬಳ’ ಎನ್ನಬಲ್ಲ ಅಭ್ಯಾಸವೇ ಅವನಿಗೆ ಆಸರೆ. ಈ ಅಭ್ಯಾಸವನ್ನು ಕಲಿಸಬೇಕಾದ ಶಾಲೆ ನಮ್ಮ ಮನೆಯೇ.

ಈ ಎರಡು ಪುಸ್ತಕಗಳನ್ನು ಗಂಡ ಹೆಂಡತಿ ಇಬ್ಬರೂ ಓದಬೇಕು, ಓದಿ ಚರ್ಚಿಸಬೇಕೆಂಬುದು ನಮ್ಮ ಸಲಹೆ. ಕನ್ನಡ ಓದಲು ಬಾರದ ಮಕ್ಕಳಿಗೆ ತಂದೆಯೇ ಓದಿ ಹೇಳಿದರೆ ಇನ್ನೂ ಒಳ್ಳೆಯದು. ಅದೂ ಸಂಬಳವಿಲ್ಲದ ಉದ್ಯೋಗವೇ.